‘ಬಿತ್ತಿದವನು ಇವನು, ಕೊಯ್ದವರು ಬೇರೆಯವರು’: ಈ ಎಫ್ರೈಮ್ ಬುಲ್ ಯಾರು?

ಹಾದಿಹೋಕ

ಹೋದ ಶನಿವಾರ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿಗೆ ಹೋಗಿದ್ದೆ. ಅಲ್ಲಿಗೆ ಹೋದವರು ಸ್ಲೀಪಿ ಹಾಲೋ ಸ್ಮಶಾನ ನೋಡದೆ ಬರುವುದಿಲ್ಲ. ಥೋರೋ, ಎಮರ್ಸನ್, ಹಾಥಾರ್ನ್ ಥರದ ದೊಡ್ಡ ಲೇಖಕರೆಲ್ಲ ಒಂದೇ ದಿಬ್ಬದ ಮೇಲೆ ಮಲಗಿದ್ದಾರೆ. ಥೋರೋ ಕಲ್ಲಿನ ಹತ್ತಿರ ಯಾರೋ ಪೆನ್ಸಿಲ್‌ಗಳನ್ನು ಇಟ್ಟು ಹೋಗಿದ್ದರು. ನನ್ನ ಮಗಳು ಅವನ್ನೇ ಎಣಿಸುತ್ತಾ ಕೂತಳು. ನಾನು ಸುಮ್ನೆ ಆ ಕಡೆ ಈ ಕಡೆ ತಿರುಗಾಡಿದೆ.

ಆಗ ಒಂದು ಸಮಾಧಿ ಕಣ್ಣಿಗೆ ಬಿತ್ತು. ಎಫ್ರೈಮ್ ವೇಲ್ಸ್ ಬುಲ್ ಅಂತ ಹೆಸರು. ಹುಟ್ಟಿದ್ದು 1806, ತೀರಿಕೊಂಡದ್ದು 1895. ಜೊತೆಗೆ ಒಂದು ಸಾಲು: ‘ಬಿತ್ತಿದವನು ಇವನು, ಕೊಯ್ದವರು ಬೇರೆಯವರು.’ ಸಮಾಧಿಯ ಮೇಲೆ ಇಂಥ ದೂರು ಕೆತ್ತಿಸಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಪ್ರೀತಿಯ ತಂದೆ, ಚಿರಶಾಂತಿ ಅಂತೆಲ್ಲ ಇರುತ್ತದೆ. ಇದು ಕೋರ್ಟಿಗೆ ಹಾಕಿದ ಅರ್ಜಿ ಥರ ಇದೆ!

ಮನೆಗೆ ಬಂದು ಹುಡುಕಿದರೆ, ಕಾಂಕರ್ಡ್ ದ್ರಾಕ್ಷಿ ತಳಿಯನ್ನು ಮಾಡಿದವನು ಇವನೇ ಅಂತ ಗೊತ್ತಾಯಿತು. ಇನ್ನೊಂದು ಕಡೆ ರಾಜ್ಯದ ಶಾಸಕನಾಗಿದ್ದ ಅಂತ ಇದೆ. ಮತ್ತೊಂದು ಕಡೆ ಚಿನ್ನದ ಕೆಲಸದವನು ಅಂತ ಇದೆ. ಮೂರೂ ಒಬ್ಬನೇನಾ? ಶಾಸಕನಾಗಿದ್ದವನಿಗೇ ಮೋಸ ಆಯ್ತಾ? ಆಗಿದ್ದರೆ ಮಾಡಿದವರು ಯಾರು? ತಿಳಿದವರು ಹೇಳಿ.

ಜಾಲಿಮುಳ್ಳು

ಜ್ಯೂಸ್ ಕಂಪನಿಯವರು ತಳಿ ಕದ್ದರು ಅಂತ ಎಲ್ಲೋ ಓದಿದ ನೆನಪು. 22 ಸಾವಿರ ಸಸಿ ಬೆಳೆಸಿದ ಮೇಲೆ ಆ ಒಂದು ಬಳ್ಳಿ ಸಿಕ್ಕಿತಂತೆ. ಅಷ್ಟು ತಾಳ್ಮೆ ಇದ್ದವನು ಒಬ್ಬ ವಕೀಲನನ್ನು ಹಿಡಿಯಬಾರದಿತ್ತಾ?

ಮಣ್ಣುಕೈ

ಮೂರೂ ಒಬ್ಬನೇ. ಆದರೆ ಜಾಲಿಮುಳ್ಳು ಅವರ ಎರಡೂ ಮಾತು ತಪ್ಪು. ಬೇಜಾರು ಮಾಡ್ಕೋಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಹಿತ್ತಲಲ್ಲಿ ಹನ್ನೊಂದು ವರ್ಷದಿಂದ ಒಂದು ಕಾಂಕರ್ಡ್ ಬಳ್ಳಿ ಇದೆ. ಮನೆಯಿಂದ ಆ ಊರಿಗೆ ಕಾರಲ್ಲಿ ಅರ್ಧ ಗಂಟೆ. ಹಾಗಾಗಿ ಈ ಮನುಷ್ಯನ ಹುಚ್ಚು ನನಗೆ ಸ್ವಲ್ಪ ಜಾಸ್ತಿಯೇ ಹಿಡಿದಿದೆ. ಉದ್ದ ಆಯ್ತು ಅಂತ ಬೈಯಬೇಡಿ.

ಬುಲ್ ಹುಟ್ಟಿದ್ದು ಬಾಸ್ಟನ್‌ನಲ್ಲಿ, 1806ರ ಮಾರ್ಚ್ 4ಕ್ಕೆ. ಹುಡುಗನಾಗಿದ್ದಾಗಲೇ ಚಿನ್ನ ಬಡಿಯುವ ಕೆಲಸ ಕಲಿತ. ಒಡವೆ ಮಾಡುವುದಲ್ಲ, ಚಿನ್ನದ ರೇಕು ಮಾಡುವುದು. ಎತ್ತಿನ ಕರುಳಿನ ತೆಳು ಪೊರೆಗಳ ನಡುವೆ ಚಿನ್ನದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಗಂಟೆಗಟ್ಟಲೆ ಸುತ್ತಿಗೆಯಲ್ಲಿ ಬಡಿಯಬೇಕು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗಬೇಕು, ಅಷ್ಟು ತೆಳು. ಪುಸ್ತಕದ ಅಂಚಿಗೆ, ಚಿತ್ರದ ಚೌಕಟ್ಟಿಗೆ, ಅಂಗಡಿ ಬೋರ್ಡಿಗೆ ಅದು ಬೇಕು. ಸುತ್ತಿಗೆ ಒಂದೇ ಸಮ ಬೀಳಬೇಕು. ಅವಸರ ಮಾಡಿದರೆ ರೇಕು ಹರಿಯುತ್ತದೆ. ಆತನ ಕೈ ಪಳಗಿದ್ದು ಇಲ್ಲಿ ಅಂತ ನನ್ನ ಲೆಕ್ಕ.

ಬಾಸ್ಟನ್‌ನಲ್ಲಿ ಆರೋಗ್ಯ ಕೆಟ್ಟು 1836ರಲ್ಲಿ ಕಾಂಕರ್ಡ್‌ಗೆ ಬಂದ. ಲೆಕ್ಸಿಂಗ್ಟನ್ ರಸ್ತೆಯಲ್ಲಿ ಮನೆ, ಹಿಂದೆ ಗುಡ್ಡದ ಇಳಿಜಾರು. ಚಿನ್ನ ಬಡಿಯುವುದನ್ನು ಬಿಡಲಿಲ್ಲ, ಜೊತೆಗೆ ತೋಟ ಹಿಡಿದ. ಪಕ್ಕದ ಮನೆಯನ್ನು 1852ರಲ್ಲಿ ಕೊಂಡವನು ಹಾಥಾರ್ನ್. ನೀವು ನೋಡಿ ಬಂದ ಆ ದಿಬ್ಬದವನೇ.

ಈಗ ದ್ರಾಕ್ಷಿಗೆ ಬರೋಣ. ಆಗ ಅಲ್ಲಿನ ತೋಟಗಾರರ ತೊಂದರೆ ಒಂದೇ. ಯುರೋಪಿನ ದ್ರಾಕ್ಷಿ ಆ ಚಳಿಗೆ, ಅಲ್ಲಿನ ರೋಗಕ್ಕೆ ನಿಲ್ಲುತ್ತಿರಲಿಲ್ಲ. ಅಮೆರಿಕದ್ದೇ ತಳಿಗಳಾದ ಇಸಾಬೆಲಾ, ಕಟಾವ್ಬಾ ಬದುಕುತ್ತಿದ್ದವು, ಆದರೆ ಹಣ್ಣಾಗುವುದು ತಡ. ಬೇಸಗೆ ಮುಗಿದದ್ದೇ ತಡ, ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿತು ಅಂದರೆ ಕೆಲಸ ಕೆಟ್ಟಿತು. ಗೊನೆ ಇನ್ನೂ ಅರ್ಧ ಹಸಿರು, ಅರ್ಧ ಕೆಂಪು. ನೀವು ವರ್ಷವಿಡೀ ಸಾಕಿದ್ದು ಹುಳಿ ಕಾಯಿಯನ್ನು.

ಬುಲ್ ದೂರ ಹುಡುಕಲಿಲ್ಲ. ನ್ಯೂ ಇಂಗ್ಲೆಂಡ್‌ನ, ಅಂದರೆ ಅಮೆರಿಕದ ಈ ಈಶಾನ್ಯ ಮೂಲೆಯ ಕಾಡಂಚಿನಲ್ಲಿ, ಹೊಳೆ ದಂಡೆಯಲ್ಲಿ ಕಾಡುದ್ರಾಕ್ಷಿ ಹಬ್ಬುತ್ತದೆ. ಒಂಥರಾ ಗಾಢ ವಾಸನೆ, ಅದಕ್ಕೆ ಜನ ನರಿದ್ರಾಕ್ಷಿ ಅಂತ ಕರೆಯುತ್ತಾರೆ. ಅದರಲ್ಲೇ ಬೇಗ ಹಣ್ಣಾಗುವ, ಒಳ್ಳೆಯ ರುಚಿಯ ಬಳ್ಳಿಯೊಂದನ್ನು ಆರಿಸಿದ. 1843ರಲ್ಲಿ ಅದರ ಹಣ್ಣುಗಳನ್ನು ಸಿಪ್ಪೆ ಸಮೇತ ಎರಡು ಇಂಚು ಆಳಕ್ಕೆ ಹೂತ. ಹೂತದ್ದು ಶರತ್ಕಾಲದಲ್ಲಿ. ಇದನ್ನು ಗಮನಿಸಿ. ದ್ರಾಕ್ಷಿ ಬೀಜಕ್ಕೆ ಮೊಳೆಯುವ ಮುಂಚೆ ಒಂದು ಉದ್ದನೆಯ ತಂಪು ಬೇಕು. ನಾವೀಗ ಫ್ರಿಜ್‌ನಲ್ಲಿ ಒದ್ದೆ ಮಣ್ಣಿನ ಚೀಲದಲ್ಲಿಟ್ಟು ಮೂರು ತಿಂಗಳು ಕಾಯುತ್ತೇವೆ. ಆತನಿಗೆ ಹಿಮವೇ ಆ ಕೆಲಸ ಮಾಡಿಕೊಟ್ಟಿತು.

ಆರು ವರ್ಷ ಸಾಕಿದ. ಬಂದ ಸಸಿಗಳಲ್ಲಿ ಇಟ್ಟುಕೊಳ್ಳಬೇಕು ಅನ್ನಿಸಿದ್ದು ಒಂದೇ ಒಂದು. 1849ರ ಸೆಪ್ಟೆಂಬರ್ 10ಕ್ಕೆ ಅದರಿಂದ ಒಂದು ಗೊನೆ ಕಿತ್ತ. ಸೆಪ್ಟೆಂಬರ್ 10! ಇನ್ನೂ ಇಬ್ಬನಿ ಹೆಪ್ಪುಗಟ್ಟುವ ಕಾಲವೇ ಅಲ್ಲ.

ಹಣ್ಣು ಹೇಗಿರುತ್ತೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಪ್ಪು-ನೀಲಿ, ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಪುಡಿ. ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ತೊಟ್ಟಿನ ಕಡೆ ಬಾಯಿಗಿಟ್ಟು ಒತ್ತಿದರೆ, ಕಾಲುಚೀಲ ಬಿಚ್ಚಿದ ಹಾಗೆ ಸಿಪ್ಪೆ ಪೂರ್ತಿ ಕೈಯಲ್ಲೇ ಉಳಿಯುತ್ತದೆ. ಒಳಗಿನ ಹಸಿರು ಗುಳಿಗೆ ನಾಲಿಗೆ ಮೇಲೆ ಜಾರುತ್ತದೆ. ಮೊದಲು ಸಿಹಿ, ಬೀಜದ ಹತ್ತಿರ ಹುಳಿ. ಬೀಜ ಉಗುಳಬೇಕು, ಅಗಿದರೆ ಕಹಿ. ಸೆಪ್ಟೆಂಬರ್‌ನಲ್ಲಿ ಹಿತ್ತಲ ಬಾಗಿಲು ತೆರೆದರೆ ಸಾಕು, ಅಡುಗೆಮನೆ ತುಂಬ ಅದೇ ವಾಸನೆ.

ಆ ಕಾಡುಬಳ್ಳಿಗೆ ಪರಾಗ ಎಲ್ಲಿಂದ ಬಂತು? ಆತ ಕಟಾವ್ಬಾ ಬಳ್ಳಿಯನ್ನೂ ಬೆಳೆಸಿದ್ದ. ಈಗಿನ ತಳಿಶಾಸ್ತ್ರದವರು ಕಾಂಕರ್ಡ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಯುರೋಪಿನ ದ್ರಾಕ್ಷಿಯ ಅಂಶ ಇದೆ ಅನ್ನುತ್ತಾರೆ. ಅದು ಕಟಾವ್ಬಾ ಮೂಲಕವೇ ಬಂದದ್ದು. ಅಂದರೆ ಅರ್ಧ ಕೆಲಸ ಬುಲ್‌ದು, ಇನ್ನರ್ಧ ಗಾಳಿಯದೋ ಜೇನಿನದೋ.

ಇನ್ನು 22 ಸಾವಿರದ ಮಾತು. ಅದು ಆತನ ಇಡೀ ಜೀವಮಾನದ ಲೆಕ್ಕ. ಕಾಂಕರ್ಡ್ ಸಿಕ್ಕಿದ ಮೇಲೂ ದಶಕಗಟ್ಟಲೆ ಬಿತ್ತುತ್ತಲೇ ಇದ್ದ. ಅಷ್ಟರಲ್ಲಿ ಪರವಾಗಿಲ್ಲ ಅನ್ನಿಸಿದ್ದು 21 ಬಳ್ಳಿ ಮಾತ್ರ. ಮೊದಲ ಆರೇ ವರ್ಷದಲ್ಲಿ 22 ಸಾವಿರ ಸಸಿ ಅಂದರೆ ಅವನ್ನು ನೆಡೋಕೆ ಜಾಗ ಎಲ್ಲಿತ್ತು ಹೇಳಿ? ದ್ರಾಕ್ಷಿ ಬೀಜದ ಸಸಿ ಬದನೆ ಸಸಿಯಲ್ಲ, ಅದಕ್ಕೆ ಹಬ್ಬೋಕೆ ಚಪ್ಪರ ಬೇಕು.

ನಾನೂ ಬಿತ್ತಿ ನೋಡಿದ್ದೇನೆ. ನನ್ನ ಕಾಂಕರ್ಡ್‌ನ ಬೀಜ ಹಾಕಿದೆ. ಏಳು ಮೊಳೆತವು. ಮೂರನ್ನು ಮೊಲ ತಿಂದಿತು, ಎರಡು ಚಳಿಗೆ ಹೋದವು. ಉಳಿದ ಎರಡರಲ್ಲಿ ಒಂದು ಐದನೇ ವರ್ಷ ಹಣ್ಣು ಬಿಟ್ಟಿತು. ಬಟಾಣಿ ಗಾತ್ರ, ಬಾಯಿಗಿಟ್ಟರೆ ಮುಖ ಸೊಟ್ಟ. ಇನ್ನೊಂದು ಇವತ್ತಿಗೂ ಬರೀ ಎಲೆ. ಬೀಜದಿಂದ ತಾಯಿಬಳ್ಳಿಯ ಗುಣ ಹಾಗೇ ಬರುವುದಿಲ್ಲ. ಆ ಗುಣ ಹಾಗೇ ಬೇಕು ಅಂದರೆ ಕಡ್ಡಿ ನೆಡಬೇಕು. ಬುಲ್‌ನ ದುಡ್ಡು ಹೋದದ್ದು ಆ ಕಡ್ಡಿಯ ದಾರಿಯಲ್ಲೇ.

ದ್ರಾಕ್ಷಿ 1853ರ ಹೊತ್ತಿಗೆ ಬಾಸ್ಟನ್ ತೋಟಗಾರಿಕೆ ಪ್ರದರ್ಶನದಲ್ಲಿ ಎಲ್ಲರ ಬಾಯಿಗೆ ಬಿತ್ತು. 1854ರಲ್ಲಿ ಬಾಸ್ಟನ್‌ನ ಹೋವಿ ನರ್ಸರಿಯವರ ಮೂಲಕ ಮಾರಾಟಕ್ಕೆ ಬಂತು. ಒಂದು ಸಸಿಗೆ 5 ಡಾಲರ್. ಆ ಕಾಲಕ್ಕೆ ಕೂಲಿಯವನ ಎಷ್ಟೋ ದಿನದ ದುಡಿಮೆ ಅದು. ಮೊದಲ ವರ್ಷ ಬುಲ್ ಕೈಗೆ 3,200 ಡಾಲರ್ ಬಂತು. ಅಷ್ಟಕ್ಕೇ ಮುಗೀತು.

ಯಾಕೆ ಅಂದರೆ, ಕೊಂಡವರಲ್ಲಿ ನರ್ಸರಿಯವರೇ ಜಾಸ್ತಿ. ಚಳಿಗಾಲದ ಕೊನೆಗೆ ನಾನು ನನ್ನ ಒಂದೇ ಬಳ್ಳಿಯನ್ನು ಸವರಿದರೆ ತಳ್ಳುಗಾಡಿ ತುಂಬ ಕಡ್ಡಿ ಬರುತ್ತದೆ. ಪೆನ್ಸಿಲ್ ದಪ್ಪದ್ದು ಆರಿಸಿ, ಮೂರ್ನಾಲ್ಕು ಕಣ್ಣು ಇರುವ ಹಾಗೆ ಕತ್ತರಿಸಿ ಒದ್ದೆ ಮಣ್ಣಿಗೆ ಚುಚ್ಚಿದರೆ ಅರ್ಧಕ್ಕಿಂತ ಜಾಸ್ತಿ ಬೇರು ಬಿಡುತ್ತವೆ. ಪ್ರತಿಯೊಂದೂ ಅದೇ ಬಳ್ಳಿ, ಅದೇ ಹಣ್ಣು. 5 ಡಾಲರ್ ಕೊಟ್ಟು ಒಂದು ಸಸಿ ಕೊಂಡವನು ಎರಡು ಮೂರು ವರ್ಷಕ್ಕೆ ತಾನೇ ಮಾರುವವನಾದ. ಬೆಲೆ ಬಿತ್ತು. ಬುಲ್‌ಗೆ ಹೇಳುವವರಿಲ್ಲ ಕೇಳುವವರಿಲ್ಲ.

ವಕೀಲನನ್ನು ಹಿಡಿದಿದ್ದರೂ ಏನು ಮಾಡುತ್ತಿದ್ದ? ಆತ ಕಾಂಕರ್ಡ್‌ಗೆ ಬಂದ 1836ರಲ್ಲೇ ಅಮೆರಿಕ ಹೊಸ ಪೇಟೆಂಟ್ ಕಾಯ್ದೆ ತಂದಿತ್ತು. ಆದರೆ ಅದು ಯಂತ್ರಕ್ಕೆ, ಬಳ್ಳಿಗಲ್ಲ. ದ್ರಾಕ್ಷಿ ಕತ್ತರಿಸುವ ಕತ್ತರಿಗೆ ಪೇಟೆಂಟ್ ಸಿಗುತ್ತಿತ್ತು, ದ್ರಾಕ್ಷಿಗೆ ಇಲ್ಲ! ಕಡ್ಡಿಯಿಂದ, ಕಸಿಯಿಂದ ಬೆಳೆಸುವ ಗಿಡಗಳಿಗೆ ಪೇಟೆಂಟ್ ಬಂದದ್ದು 1930ರಲ್ಲಿ. ಮೊದಲನೆಯದು ಸಿಕ್ಕಿದ್ದು 1931ರಲ್ಲಿ, ಒಂದು ಗುಲಾಬಿ ಬಳ್ಳಿಗೆ. ಬುಲ್ ಸತ್ತು ಆಗಲೇ 36 ವರ್ಷ.

ಜ್ಯೂಸಿನವರ ಮಾತಿಗೆ ಬಂದರೆ, ಅವರು ಕಳ್ಳರಲ್ಲ. ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ಥಾಮಸ್ ವೆಲ್ಚ್ ಅಂತ ಒಬ್ಬ ಹಲ್ಲಿನ ಡಾಕ್ಟರ್ ಇದ್ದ. ಚರ್ಚಿನ ಪ್ರಸಾದಕ್ಕೆ ವೈನ್ ಬೇಡ, ಹುಳಿಯದ ರಸ ಬೇಕು ಅನ್ನುವ ಹಟ ಅವನದು. 1869ರಲ್ಲಿ ಕಾಂಕರ್ಡ್ ಹಣ್ಣಿನ ರಸವನ್ನು ಬಾಟಲಿಗೆ ತುಂಬಿ ಕಾಯಿಸಿ, ಹುಳಿಯದ ಹಾಗೆ ಮಾಡಿದ. ಅಷ್ಟು ಹೊತ್ತಿಗೆ ಆ ತಳಿ ಮನೆಮನೆಯ ಹಿತ್ತಲಲ್ಲಿತ್ತು. ವೆಲ್ಚ್ ಕೊಯ್ದದ್ದು ನಿಜ, ಆದರೆ ಕದ್ದು ಕೊಯ್ಯಲಿಲ್ಲ.

ಶಾಸಕತನದ ವಿಷಯ ನನಗಿಂತ ಹಳೇಕಡತ ಅವರಿಗೆ ಚೆನ್ನಾಗಿ ಗೊತ್ತು. ಕರೆಯಿರಿ ಅವರನ್ನು.

ಹಳೇಕಡತ

ಕರೆದದ್ದಕ್ಕೆ ಬಂದೆ. ಚಿಕ್ಕದಾಗಿ ಹೇಳುತ್ತೇನೆ, ಮಣ್ಣುಕೈ ಅವರ ಹಾಗೆ ಕಾದಂಬರಿ ಬರೆಯಲ್ಲ.

ಬುಲ್ 1855ರಲ್ಲಿ ಮ್ಯಾಸಚೂಸೆಟ್ಸ್ ಕೆಳಮನೆಯ ಸದಸ್ಯ, ಕೃಷಿ ಸಮಿತಿಯ ಅಧ್ಯಕ್ಷ. ಮರುವರ್ಷ ಸೆನೆಟ್, ಅಂದರೆ ಮೇಲ್ಮನೆ. ಆಮೇಲೆ ರಾಜ್ಯ ಕೃಷಿ ಮಂಡಳಿಯಲ್ಲೂ ಇದ್ದರು. ಶಾಸಕ ಅಂದ ತಕ್ಷಣ ಐದು ವರ್ಷ ಕುರ್ಚಿ, ಕಾರು ಅಂತ ಕಲ್ಪಿಸಿಕೊಳ್ಳಬೇಡಿ. ಆಗ ಅಲ್ಲಿ ಪ್ರತಿ ವರ್ಷ ಚುನಾವಣೆ. ಅಧಿವೇಶನ ಜನವರಿಯಲ್ಲಿ ಶುರು. ತೋಟ ಹಿಮದಡಿ ಮಲಗಿರುವ ಹೊತ್ತಲ್ಲವೇ ಅದು? ರೈತರಿಗೆ ಹೇಳಿ ಮಾಡಿಸಿದ ಹಾಗಿತ್ತು. ಕಾಂಕರ್ಡ್‌ಗೆ 1844ರಲ್ಲೇ ಫಿಚ್‌ಬರ್ಗ್ ರೈಲು ಬಂದಿತ್ತು. ಬಾಸ್ಟನ್ ಸುಮಾರು 20 ಮೈಲಿ ಅಷ್ಟೇ.

1855ರ ಸಭೆ ಮಾತ್ರ ವಿಚಿತ್ರ. ಹಿಂದಿನ ವರ್ಷದ ಚುನಾವಣೆಯಲ್ಲಿ ನೋ-ನಥಿಂಗ್ ಅಂತ ಒಂದು ಪಕ್ಷ ಗುಡಿಸಿ ಹಾಕಿತ್ತು. ಗುಟ್ಟಿನ ಸಂಘವಾಗಿ ಹುಟ್ಟಿದ್ದು, ಯಾರಾದರೂ ಕೇಳಿದರೆ ‘ನನಗೇನೂ ಗೊತ್ತಿಲ್ಲ’ ಅನ್ನಬೇಕು. ಹೆಸರು ಬಂದದ್ದು ಹಾಗೆ. ಸೆನೆಟ್‌ನ 40 ಸ್ಥಾನವೂ ಅವರದೇ. ಕೆಳಮನೆಯಲ್ಲಿ ಬೇರೆಯವರನ್ನು ಒಂದು ಕೈಯಲ್ಲಿ ಎಣಿಸಬಹುದಿತ್ತು. ವಲಸೆ ಬಂದ ಐರಿಷ್ ಕ್ಯಾಥೊಲಿಕರನ್ನು ಕಂಡರೆ ಆಗದ ಪಕ್ಷ ಅದು. ಕ್ರೈಸ್ತ ಸನ್ಯಾಸಿನಿಯರ ಮಠಗಳ ತಪಾಸಣೆಗೆ ಸಮಿತಿ ಕಳಿಸಿ ನಗೆಪಾಟಲಾಯಿತು. ಅದೇ ಸಭೆ, ಅದೇ ವರ್ಷ, ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದನ್ನು ಕಾನೂನು ಮಾಡಿ ನಿಲ್ಲಿಸಿತು. ಅಮೆರಿಕದಲ್ಲಿ ಅಂಥ ಕಾನೂನು ಮಾಡಿದ ಮೊದಲ ರಾಜ್ಯ ಇದೇ. ಒಂದೇ ಜನ, ಒಂದೇ ಚಳಿಗಾಲ, ಎರಡೂ ಕೆಲಸ. ಏನನ್ನೋದು?

ಇನ್ನೊಂದು ನನಗೆ ಬಹಳ ಇಷ್ಟವಾದ ವಿಷಯ. ಬಾಸ್ಟನ್ ವಿಧಾನಸಭೆಯ ಚಿನ್ನದ ಗುಮ್ಮಟ ನೋಡಿದ್ದೀರಲ್ಲ? ಅದಕ್ಕೆ ಚಿನ್ನದ ರೇಕು ಹಚ್ಚಿದ್ದು 1874ರಲ್ಲಿ. ಬುಲ್ ಅಲ್ಲಿ ಕೂತಾಗ ತಾಮ್ರದ ಮೇಲೆ ಬರೀ ಬಣ್ಣ. ಜೀವಮಾನವಿಡೀ ಚಿನ್ನ ಬಡಿದವರು ಬಣ್ಣದ ಗುಮ್ಮಟದ ಕೆಳಗೆ ಕೂತು ಗೊಬ್ಬರದ ಬಗ್ಗೆ ಮಾತಾಡಿ ಬಂದರು.

ಹಾದಿಹೋಕ

ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ, ಇಬ್ಬರಿಗೂ ಥ್ಯಾಂಕ್ಸ್. ಒಂದು ದಡ್ಡ ಪ್ರಶ್ನೆ. ದ್ರಾಕ್ಷಿ ಮಾರಾಟಕ್ಕೆ ಬಂದದ್ದು 1854. ಶಾಸಕ ಆಗಿದ್ದು 1855. ಅದೂ ಕೃಷಿ ಸಮಿತಿಯ ಅಧ್ಯಕ್ಷ! ತನ್ನ ಬಳ್ಳಿಯನ್ನು ಉಳಿಸಿಕೊಳ್ಳೋಕೆ ತಾನೇ ಒಂದು ಕಾನೂನು ತರಬಹುದಿತ್ತಲ್ವಾ?

ಹಳೇಕಡತ

ದಡ್ಡ ಪ್ರಶ್ನೆ ಅಲ್ಲ. ಆದರೆ ಪೇಟೆಂಟ್ ಕೊಡುವ ಅಧಿಕಾರವನ್ನು ಅಮೆರಿಕದ ಸಂವಿಧಾನ ವಾಷಿಂಗ್ಟನ್‌ನ ಕಾಂಗ್ರೆಸ್‌ಗೆ ಕೊಟ್ಟಿದೆ. ಬಾಸ್ಟನ್‌ನಲ್ಲಿ ಏನೇ ಕಾನೂನು ಮಾಡಿದರೂ ನ್ಯೂಯಾರ್ಕ್‌ನ ನರ್ಸರಿಯವನು ಯಾಕೆ ಕೇಳುತ್ತಾನೆ? ಕಡ್ಡಿಗೆ ರಾಜ್ಯದ ಗಡಿ ಗೊತ್ತಿಲ್ಲ, ಅಂಚೆ ಚೀಲದಲ್ಲಿ ದಾಟುತ್ತದೆ.

ಸುಮಾ_ತೋಟ

ಮಣ್ಣುಕೈ ಸರ್, ನೀವು ಹೇಳಿದ್ದೆಲ್ಲ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಕಾನೂನು ಇರಲಿಲ್ಲ, ಆದ್ದರಿಂದ ಯಾರೂ ಕಳ್ಳರಲ್ಲ ಅನ್ನುವ ಹಾಗೆ ಬರೆದಿದ್ದೀರಿ. ಆ ನರ್ಸರಿಯವರಿಗೆ ಇದು ಯಾರ ಬಳ್ಳಿ ಅಂತ ಗೊತ್ತಿತ್ತಲ್ಲ? ಕ್ಯಾಟಲಾಗ್‌ನಲ್ಲಿ ಊರಿನ ಹೆಸರು ಹಾಕಿ ಮಾರಿದರು. ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಹೊರೇಸ್ ಗ್ರೀಲಿ ಇದನ್ನು ಲಕ್ಷಾಂತರ ಜನರ ದ್ರಾಕ್ಷಿ ಅಂತ ಹೊಗಳಿದ. ಲಕ್ಷಾಂತರ ಜನರಲ್ಲಿ ಒಬ್ಬೊಬ್ಬರು ಒಂದೊಂದು ಸೆಂಟ್ ಕೊಟ್ಟಿದ್ದರೂ ಆ ಮುದುಕ ಹಾಗೆ ಸಾಯಬೇಕಿರಲಿಲ್ಲ. ಸಮಾಧಿಯ ಸಾಲು ನನಗೆ ದೂರು ಅನ್ನಿಸಲ್ಲ. ಲೆಕ್ಕ ಅನ್ನಿಸುತ್ತದೆ.

ಹಾದಿಹೋಕ

ಹಾಗೆ ಸಾಯಬೇಕಿರಲಿಲ್ಲ ಅಂದರೆ? ಹೇಗೆ ಸತ್ತ?

ಮಣ್ಣುಕೈ

ಸುಮಾ ಮೇಡಂ, ನಿಮ್ಮ ಮಾತಿಗೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಒಂದು ಮಾತ್ರ ಹೇಳಬಲ್ಲೆ. ಕಡ್ಡಿ ಅಷ್ಟು ಸುಲಭಕ್ಕೆ ಹರಡದೆ ಇದ್ದಿದ್ದರೆ ಕಾಂಕರ್ಡ್ ಇವತ್ತು ಯಾವುದೋ ಹಳೇ ಕ್ಯಾಟಲಾಗ್‌ನ ಒಂದು ಸಾಲಾಗಿ ಉಳಿಯುತ್ತಿತ್ತು. ಬುಲ್‌ನನ್ನು ಬಡವ ಮಾಡಿದ್ದೂ ಅದೇ ಗುಣ, ನಾವಿಲ್ಲಿ ಕೂತು ಅವನ ಬಗ್ಗೆ ಮಾತಾಡುವ ಹಾಗೆ ಮಾಡಿದ್ದೂ ಅದೇ ಗುಣ. ಇದರಿಂದ ಅವನ ಹೊಟ್ಟೆ ತುಂಬಲಿಲ್ಲ, ಅದನ್ನೂ ಒಪ್ಪುತ್ತೇನೆ.

ಹಾದಿಹೋಕ ಅವರೇ, ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. ನರ್ಸರಿಯವರು ಅಂದರೆ ಆತನಿಗೆ ಆಗುತ್ತಿರಲಿಲ್ಲ. ಜನರ ಜೊತೆ ಬೆರೆಯುವುದು ಕಡಿಮೆ ಆಯಿತು. ಆದರೆ ಬಿತ್ತುವುದನ್ನು ಬಿಡಲಿಲ್ಲ. ನನಗೆ ಅರ್ಥವಾಗದೆ ಉಳಿದಿರುವುದು ಇದು. ಮಾರುವ ಆಸೆ ಇಲ್ಲ, ಕೊಳ್ಳುವವರ ಮೇಲೆ ನಂಬಿಕೆ ಇಲ್ಲ, ಆದರೂ ವರ್ಷ ವರ್ಷ ಬೀಜ ಹೂಳುವುದು, ಐದಾರು ವರ್ಷ ಕಾಯುವುದು, ರುಚಿ ನೋಡುವುದು, ಕಿತ್ತು ಎಸೆಯುವುದು. 1893ರಲ್ಲಿ ಬಳ್ಳಿ ನೋಡಿಕೊಳ್ಳುವಾಗ ಏಣಿಯಿಂದ ಬಿದ್ದ. ಆಗ 87 ವಯಸ್ಸು. 87ರಲ್ಲಿ ಏಣಿ ಹತ್ತಿದ್ದ! ಅಲ್ಲಿಂದ ತೋಟದ ಕೆಲಸ ಆಗಲಿಲ್ಲ. ಊರಿನ ವೃದ್ಧಾಶ್ರಮಕ್ಕೆ ಹೋದ. ತೀರಿಕೊಂಡದ್ದು 1895ರ ಸೆಪ್ಟೆಂಬರ್ 26ಕ್ಕೆ. ಕಾಂಕರ್ಡ್ ಗೊನೆಗಳು ಹಣ್ಣಾಗಿ ತೂಗುವ ಕಾಲ. ಆ ವಾಸನೆ ಆಶ್ರಮದ ಕಿಟಕಿಗೂ ಬಂದಿರಬಹುದು ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಜಾಲಿಮುಳ್ಳು

ತಪ್ಪು ಒಪ್ಪಿಕೊಂಡೆ. ವಕೀಲನ ಮಾತು ವಾಪಸ್.

ಹಾದಿಹೋಕ

ಮಗಳಿಗೆ ಓದಿ ಹೇಳಿದೆ. ಸೆಪ್ಟೆಂಬರ್‌ನಲ್ಲಿ ಮತ್ತೆ ಹೋಗೋಣ ಅಂತಾಳೆ. ಥೋರೋಗೆ ಪೆನ್ಸಿಲ್ ಇಡುತ್ತಾರಲ್ಲ, ಇವನಿಗೆ ದ್ರಾಕ್ಷಿ ಇಡಬೇಕಂತೆ. ಅಂಗಡಿಯದು ಬೇಡ, ನಾವೇ ಬೆಳೆಯೋಣ ಅಂತ ಹಟ. ಮಣ್ಣುಕೈ ಅವರೇ, ನಮಗೊಂದು ಸಸಿ ಎಲ್ಲಿ ಸಿಗುತ್ತೆ?

ಮಣ್ಣುಕೈ

ಈ ಸೆಪ್ಟೆಂಬರ್‌ಗೆ ಆಗಲ್ಲ ಅಂತ ಮಗಳಿಗೆ ಮೊದಲೇ ಹೇಳಿಬಿಡಿ. ಮೂರು ವರ್ಷ ಹಿಡಿಯುತ್ತದೆ.

ಸಸಿ ಕೊಳ್ಳಬೇಡಿ. ಮಾರ್ಚ್ ಮೊದಲ ವಾರ ನಾನು ಬಳ್ಳಿ ಸವರುತ್ತೇನೆ. ಒದ್ದೆ ಪೇಪರ್ ಮತ್ತು ಒಂದು ಪ್ಲಾಸ್ಟಿಕ್ ಚೀಲ ತನ್ನಿ, ಹತ್ತು ಕಡ್ಡಿ ಕೊಡುತ್ತೇನೆ. ಕಣ್ಣು ಮೇಲೆ ಬರುವ ಹಾಗೆ ಚುಚ್ಚಿ, ತಲೆಕೆಳಗೆ ಮಾಡಿದರೆ ಬೇರು ಬಿಡಲ್ಲ. ದುಡ್ಡು ಬೇಡ.

ಸುಮಾ_ತೋಟ

ನೋಡಿ, ಮತ್ತೆ ಶುರು ಮಾಡಿದಿರಿ!